ಅತ್ತರ್, ತೈಲ, ಅಬ್ಸಲ್ಯೂಟ್, ಪನ್ನೀರು: ಲೇಬಲ್ಲಿನಲ್ಲಿ ಯಾವುದಕ್ಕೆ ಯಾವ ಹೆಸರು?

ಅಕ್ಷರಮೊಳೆ ಬರೆದದ್ದು:

ಸುಗಂಧದ ಸರಕು ತಯಾರಿಸುವವರೊಬ್ಬರ ಬಾಟಲಿಗಳಿಗೆ ಕನ್ನಡ ಲೇಬಲ್ ಮತ್ತು ಬಳಕೆಯ ಚೀಟಿ ಬರೆಯಬೇಕಾಗಿದೆ. ಪಟ್ಟಿಯಲ್ಲಿ ಶ್ರೀಗಂಧದ ಎಣ್ಣೆ, ಮಲ್ಲಿಗೆ ಅಬ್ಸಲ್ಯೂಟ್, ಗುಲಾಬಿ ಅತ್ತರ್, ಪನ್ನೀರು, ಲಾವಂಚದ ಎಣ್ಣೆ, "ಕಸ್ತೂರಿ", "ಕಲ್ಲಂಗಡಿ ಎಸೆನ್ಷಿಯಲ್ ಆಯಿಲ್" ಎಲ್ಲ ಇವೆ. ಎಲ್ಲಕ್ಕೂ "ಸುಗಂಧ ತೈಲ" ಎಂದು ಬರೆದು ಕೈತೊಳೆದುಕೊಳ್ಳಬಹುದು, ಆದರೆ ಕೊಂಡವರು ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿ ಕೆಡಿಸಿಕೊಳ್ಳುತ್ತಾರೆ. ಮೂರು ವಿಷಯ ಬೇಕು:

1. ಈ ಹೆಸರುಗಳ ನಡುವಿನ ನಿಜವಾದ ವ್ಯತ್ಯಾಸ ಏನು?
2. ಚೀಟಿಯಲ್ಲಿ 10 ಮಿಲಿ ರೋಲ್-ಆನ್ ಮತ್ತು 50 ಮಿಲಿ ಸ್ಪ್ರೇ ಮಾಡಿಕೊಳ್ಳುವ ಅಳತೆ ಕೊಡಬೇಕು. ಹನಿ ಲೆಕ್ಕ ಸಾಕೇ?
3. ಗಿಡಗಳ ಕನ್ನಡ ಹೆಸರಲ್ಲಿ ಎಡವಟ್ಟಾಗುವ ಕಡೆಗಳು ಯಾವುವು?

---

ಬಟ್ಟಿಬುಡ ಉತ್ತರ:

ಹೆಸರು ಗೊತ್ತಾಗುವುದು ಸುಗಂಧವನ್ನು ತೆಗೆದ ಬಗೆಯಿಂದ. ಹೂವಿನ ಹೆಸರು ಆಮೇಲಿನ ಮಾತು. ಹಾಗಾಗಿ ಲೇಬಲ್ ಬರೆಯುವ ಮೊದಲು ತಯಾರಿಸಿದವರನ್ನು ಕೇಳಿ: ಆವಿಯಲ್ಲಿ ಇಳಿಸಿದ್ದೋ, ಹಿಂಡಿದ್ದೋ, ದ್ರಾವಕ ಹಾಕಿ ಎಳೆದದ್ದೋ, ಬೇರೆ ಎಣ್ಣೆಗೆ ಹಿಡಿಸಿದ್ದೋ?

ಎಸೆನ್ಷಿಯಲ್ ಆಯಿಲ್ ಎನ್ನಲು ಐಎಸ್‌ಒ 9235 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ದಾರಿ ಕೆಲವೇ: ನೀರಿನಲ್ಲಿ ಅಥವಾ ಆವಿಯಲ್ಲಿ ಬಟ್ಟಿ ಇಳಿಸಬೇಕು, ನಿಂಬೆ ಕಿತ್ತಳೆ ಜಾತಿಯ ಸಿಪ್ಪೆಯಾದರೆ ಹಿಂಡಬೇಕು, ಇಲ್ಲವೇ ಒಣ ಬಟ್ಟಿ. ಹೆಕ್ಸೇನ್‌ನಂಥ ದ್ರಾವಕ ಹಾಕಿ ತೆಗೆದದ್ದು ಎಷ್ಟೇ ಶುದ್ಧವಾಗಿದ್ದರೂ ಈ ಹೆಸರಿಗೆ ಸೇರದು. ಕನ್ನಡದಲ್ಲಿ "ಸಾರಭೂತ ತೈಲ" ಎಂಬ ಪುಸ್ತಕದ ಮಾತಿದೆ. ಲೇಬಲ್ಲಿಗೆ "ಬಟ್ಟಿ ಇಳಿಸಿದ ಲಾವಂಚದ ಎಣ್ಣೆ" ಎಂದು ಬಿಡಿಸಿ ಬರೆದರೆ ಯಾರಿಗಾದರೂ ಅರ್ಥವಾಗುತ್ತದೆ.

ಮಲ್ಲಿಗೆಗೆ ಆವಿ ಆಗಿಬರುವುದಿಲ್ಲ. ಕಂಪಿನ ಹಗುರ ಭಾಗ ಕುದಿಯಲ್ಲಿ ಕೆಟ್ಟು, ಬೇಯಿಸಿದ ಸೊಪ್ಪಿನ ವಾಸನೆಯ ನೀರು ಮಾತ್ರ ಕೈಗೆ ಬರುತ್ತದೆ. ಅದಕ್ಕೇ ಅಬ್ಸಲ್ಯೂಟ್. ಹೂವನ್ನು ಹೆಕ್ಸೇನಿನಲ್ಲಿ ನೆನೆಸಿ, ಹೆಕ್ಸೇನನ್ನು ಹಾರಿಸಿದರೆ ಮೇಣದಂಥ ಮುದ್ದೆ ಉಳಿಯುತ್ತದೆ, ಅದು ಕಾಂಕ್ರೀಟ್. ಅದನ್ನು ಎಥನಾಲಿನಲ್ಲಿ ಕದಡಿ, ಸೊನ್ನೆಗಿಂತ ಚೆನ್ನಾಗಿ ಕೆಳಗೆ ತಣಿಸಿ, ಹೆಪ್ಪುಗಟ್ಟಿದ ಮೇಣವನ್ನು ಸೋಸಿ, ಕಡಿಮೆ ಒತ್ತಡದಲ್ಲಿ ಎಥನಾಲನ್ನು ಹಾರಿಸಿದಾಗ ಉಳಿಯುವ ದಪ್ಪ ಕಂದು ದ್ರವವೇ ಅಬ್ಸಲ್ಯೂಟ್. ಕೆಲಸ ಅವಸರದಲ್ಲಿ ಆಗಿದ್ದರೆ ಮೇಣ ಉಳಿದುಕೊಂಡು, ಮುಂದೆ ನಿಮ್ಮ ಸ್ಪ್ರೇಯಲ್ಲಿ ಮೋಡ ಕಟ್ಟುತ್ತದೆ. "ಮಲ್ಲಿಗೆ ಎಸೆನ್ಷಿಯಲ್ ಆಯಿಲ್" ಎಂಬ ಲೇಬಲ್ ಕಂಡರೆ ಬರೆದವರಿಗೆ ವಿಷಯ ಗೊತ್ತಿಲ್ಲ, ಇಲ್ಲವೇ ಒಳಗಿರುವುದು ಬೇರೆ.

ಅತ್ತರ್ ಎಂದರೆ ಹೂವಿನ ಆವಿಯನ್ನು ಇನ್ನೊಂದು ಎಣ್ಣೆಯೊಳಗೇ ಇಳಿಸಿದ್ದು. ಉತ್ತರ ಪ್ರದೇಶದ ಕನೌಜಿನ ಪದ್ಧತಿಯಲ್ಲಿ ತಾಮ್ರದ ಹಂಡೆಗೆ ದೇಗ್ ಎನ್ನುತ್ತಾರೆ. ಅದರಲ್ಲಿ ಹೂವು, ನೀರು ತುಂಬಿ ಬಾಯಿಗೆ ಜೇಡಿಮಣ್ಣು ಮೆತ್ತುತ್ತಾರೆ. ಅಲ್ಲಿಂದ ಬಿದಿರಿನ ಕೊಳವೆ ಕೆಳಗಿನ ನೀರಿನ ತೊಟ್ಟಿಯಲ್ಲಿ ಕೂತ ಭಪ್ಕಾ ಎಂಬ ಉದ್ದ ಕತ್ತಿನ ತಾಮ್ರದ ಪಾತ್ರೆಗೆ ಹೋಗುತ್ತದೆ. ಭಪ್ಕಾದಲ್ಲಿ ಮೊದಲೇ ಶ್ರೀಗಂಧದ ಎಣ್ಣೆ ಇರುತ್ತದೆ. ಆವಿ ತಣಿದು ಎಣ್ಣೆಯ ಜೊತೆ ಸೇರುತ್ತದೆ. ಪಾತ್ರೆ ತಣಿದ ಮೇಲೆ ತಳದ ನೀರನ್ನು ಬಸಿದು ಮತ್ತೆ ದೇಗ್‌ಗೆ ಸುರಿದು, ಹೊಸ ಹೂವು ಹಾಕಿ ಒಲೆ ಹಚ್ಚುತ್ತಾರೆ. ಎಣ್ಣೆಗೆ ಹೂವಿನ ಕಂಪು ತುಂಬುವವರೆಗೆ ದಿನವೂ ಇದೇ. ಒಲೆಯ ಬೆಂಕಿ ಹೆಚ್ಚಾದರೆ ಹೂವು ತಳಕ್ಕೆ ಹತ್ತಿ ಇಡೀ ಎಣ್ಣೆಗೆ ಸೀದ ವಾಸನೆ ಹಿಡಿಯುತ್ತದೆ, ಆಮೇಲೆ ಯಾವ ಉಪಾಯವೂ ಇಲ್ಲ. ಕೊನೆಗೂ ಉಳಿಯುವ ನೀರಿನ ಪಸೆಯನ್ನು ಕಳೆಯಲು ಚರ್ಮದ ಕುಪ್ಪಿಯಲ್ಲಿ ಇಡುತ್ತಿದ್ದರು. ನೀರು ಚರ್ಮದಿಂದ ಜಿನುಗಿ ಹೋಗುತ್ತದೆ, ಎಣ್ಣೆ ಉಳಿಯುತ್ತದೆ.

ಶ್ರೀಗಂಧ ದುಬಾರಿಯಾದ ಮೇಲೆ ತಳದ ಎಣ್ಣೆಯ ಜಾಗಕ್ಕೆ ಲಿಕ್ವಿಡ್ ಪ್ಯಾರಾಫಿನ್ ಬಂದಿದೆ. ಅದನ್ನೂ ಅತ್ತರ್ ಎಂದೇ ಮಾರುತ್ತಾರೆ. ಹಾಗಾಗಿ "ಗುಲಾಬಿ ಅತ್ತರ್" ಎಂದಷ್ಟೇ ಬರೆದರೆ ಅರ್ಧ ಸಂಗತಿ ಮುಚ್ಚಿಟ್ಟಂತೆ. "ಗುಲಾಬಿ ಅತ್ತರ್, ತಳ: ಶ್ರೀಗಂಧದ ಎಣ್ಣೆ" ಅಥವಾ "ತಳ: ಪ್ಯಾರಾಫಿನ್" ಎಂದು ಬರೆಯಿರಿ.

ಬಟ್ಟಿಯಲ್ಲಿ ಎಣ್ಣೆಯ ಜೊತೆ ಇಳಿಯುವ ಪರಿಮಳದ ನೀರಿಗೆ ಪನ್ನೀರು ಎಂಬ ಹೆಸರು ಗುಲಾಬಿಯದ್ದಾದರೆ ಮಾತ್ರ. ಉಳಿದವಕ್ಕೆ "ಕೇದಗೆ ಬಟ್ಟಿ ನೀರು", "ಲಾವಂಚದ ಬಟ್ಟಿ ನೀರು" ಎನ್ನಿ. ಗುಲಾಬಿಯ ಕಂಪಿನಲ್ಲಿ ಮುಖ್ಯವಾದ ಫಿನೈಲ್ ಈಥೈಲ್ ಆಲ್ಕೋಹಾಲ್ ನೀರಿಗೆ ಬಹಳ ಹೊಂದುತ್ತದೆ, ಅದಕ್ಕೇ ಪನ್ನೀರು ಹಸಿ ಹೂವಿಗೆ ಹತ್ತಿರ; ಬಟ್ಟಿಯ ಗುಲಾಬಿ ಎಣ್ಣೆ ಸ್ವಲ್ಪ ಬೇರೆಯಾಗಿಯೇ ಕಾಣುತ್ತದೆ. ಅಳತೆ ಹೇಳುವುದಾದರೆ 1 ಕಿಲೋ ದಳಕ್ಕೆ 1 ಲೀಟರ್ ಪನ್ನೀರು ಹದ. ಅಷ್ಟಕ್ಕೆ ನಿಲ್ಲಿಸದೆ ಇಳಿಸುತ್ತಾ ಹೋದರೆ ಬರುವುದು ಸಪ್ಪೆ ನೀರು, ಮೊದಲು ಬಂದದ್ದನ್ನೂ ತೆಳುಮಾಡುತ್ತದೆ. ಸುಮಾರು 4,000 ಕಿಲೋ ದಳಕ್ಕೆ 1 ಕಿಲೋ ಎಣ್ಣೆ ಎಂಬುದು ಗುಲಾಬಿಯ ಲೆಕ್ಕ. ಮನೆಯ ಪಾತ್ರೆಯಲ್ಲಿ ಅರ್ಧ ಕಿಲೋ ಹೂವು ಹಾಕಿ ಎಣ್ಣೆ ತೇಲಲಿಲ್ಲ ಎಂದು ಕೊರಗುವವರಿಗೆ ಇದನ್ನು ತೋರಿಸಿ. ಬರಬೇಕಾದದ್ದೇ 0.12 ಗ್ರಾಂ, ಅದರಲ್ಲೂ ಬಹುಪಾಲು ನೀರಲ್ಲೇ ಕರಗಿರುತ್ತದೆ.

ಇನ್ನು ಕಲ್ಲಂಗಡಿ. ಕಲ್ಲಂಗಡಿಯಿಂದ, ಸೇಬಿನಿಂದ, ಸ್ಟ್ರಾಬೆರಿಯಿಂದ ಮಾರುವಷ್ಟು ಎಣ್ಣೆ ಬಟ್ಟಿಯಲ್ಲಿ ಬರುವುದಿಲ್ಲ. ಅದು ಲ್ಯಾಬಿನಲ್ಲಿ ಕಟ್ಟಿದ ಪರಿಮಳ. ಕಟ್ಟಿದ್ದು ಎಂದರೆ ಕೀಳು ಎಂದಲ್ಲ, ಆದರೆ "ಎಸೆನ್ಷಿಯಲ್ ಆಯಿಲ್" ಎಂಬುದು ಸುಳ್ಳು. "ಕಲ್ಲಂಗಡಿ ಪರಿಮಳ, ಸಂಯೋಜಿತ" ಎಂದು ಬರೆಯಿರಿ.

---

ಹನಿಯಲ್ಲ_ಗ್ರಾಂ ಉತ್ತರ:

ಎರಡನೇ ಪ್ರಶ್ನೆಗೆ. ಹನಿ ಲೆಕ್ಕ ಸಾಲದು. 1 ಮಿಲಿಗೆ 20 ಹನಿ ಎಂಬುದು ಬರಿಯ ರೂಢಿ. ಲಾವಂಚ, ಶ್ರೀಗಂಧ ದಪ್ಪಗಿದ್ದು ಹನಿ ದೊಡ್ಡದಾಗುತ್ತದೆ. ಕಿತ್ತಳೆಯ ಎಣ್ಣೆ ತೆಳ್ಳಗಿದ್ದು ಹನಿ ಸಣ್ಣದು. ಡ್ರಾಪರ್ ಬದಲಾದರೆ ಮತ್ತೆ ಬೇರೆ. 0.01 ಗ್ರಾಂ ತೋರಿಸುವ ತಕ್ಕಡಿ ಇಟ್ಟುಕೊಳ್ಳಿ, ಬಾಟಲಿಯನ್ನು ಅದರ ಮೇಲಿಟ್ಟು ಸೊನ್ನೆ ಮಾಡಿ, ಒಂದೊಂದನ್ನೇ ಗ್ರಾಂನಲ್ಲಿ ಸೇರಿಸಿ.

10 ಮಿಲಿ ರೋಲ್-ಆನ್‌ಗೆ ಒಟ್ಟು 10 ಗ್ರಾಂ ಅಳೆಯುವುದು ಎಲ್ಲರೂ ಮಾಡುವ ತಪ್ಪು. ತಳಕ್ಕೆ ಹಾಕುವ ಜೊಜೊಬಾ ಬೀಜದ ಎಣ್ಣೆ ನೀರಿಗಿಂತ ಹಗುರ, ಹತ್ತು ಗ್ರಾಂ ಸುರಿದರೆ ಬಾಟಲಿ ತುಂಬಿ ಉಕ್ಕುತ್ತದೆ, ಗುಂಡು ಕೂರಿಸುವಾಗ ಮತ್ತಷ್ಟು ಚೆಲ್ಲುತ್ತದೆ. 8.5 ಗ್ರಾಂ ಸರಿಯಾಗಿ ಹಿಡಿಯುತ್ತದೆ. ನೂರಕ್ಕೆ ಹತ್ತು ಸುಗಂಧ ಇಟ್ಟುಕೊಂಡರೆ ಹೀಗೆ:

ಶ್ರೀಗಂಧದ ಎಣ್ಣೆ 0.40 ಗ್ರಾಂ
ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಎಣ್ಣೆ, ಬರ್ಗಾಪ್ಟೆನ್ ತೆಗೆದದ್ದು 0.30 ಗ್ರಾಂ
ಲಾವಂಚದ ಎಣ್ಣೆ 0.10 ಗ್ರಾಂ
ಮಲ್ಲಿಗೆ ಅಬ್ಸಲ್ಯೂಟ್, ಜೊಜೊಬಾದಲ್ಲಿ ನೂರಕ್ಕೆ 10 ಮಾಡಿಟ್ಟದ್ದು 0.50 ಗ್ರಾಂ
ಜೊಜೊಬಾ 7.20 ಗ್ರಾಂ

ಅಬ್ಸಲ್ಯೂಟನ್ನು ಮೊದಲೇ ತೆಳುಮಾಡಿ ಇಟ್ಟುಕೊಳ್ಳುವುದಕ್ಕೆ ಕಾರಣವಿದೆ. ಬೇಕಾದದ್ದು ಅದರ 0.05 ಗ್ರಾಂ ಮಾತ್ರ. ಆ ಅಳತೆಯಲ್ಲಿ ತಕ್ಕಡಿ ಒಂದು ಅಂಕಿ ಆಚೀಚೆ ಆದರೂ ಮಲ್ಲಿಗೆ ಐದನೇ ಒಂದು ಪಾಲು ಹೆಚ್ಚುಕಮ್ಮಿಯಾಯಿತು. ಮಲ್ಲಿಗೆಯಲ್ಲಿ ಇಂಡೋಲ್ ಇದೆ: ಹದದಲ್ಲಿದ್ದರೆ ಹೂವಿಗೆ ಜೀವ, ಮೀರಿದರೆ ಬಾಡಿ ಕೊಳೆತ ಹೂವಿನ ನಾತ.

ಬರ್ಗಮಾಟ್ ವಿಚಾರ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಇರಲಿ. ಹಿಂಡಿ ತೆಗೆದ ಮಾಮೂಲಿ ಬರ್ಗಮಾಟಿನಲ್ಲಿ ಬರ್ಗಾಪ್ಟೆನ್ ಇರುತ್ತದೆ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆ ಬೀಳುತ್ತದೆ. ಹಚ್ಚಿ ತೊಳೆಯದೆ ಬಿಡುವ ಸರಕಿನಲ್ಲಿ ಇಂಥ ಬರ್ಗಮಾಟ್ ಎಣ್ಣೆಗೆ ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಘವಾದ ಐಎಫ್‌ಆರ್‌ಎ ಹಾಕಿದ ಮಿತಿ ನೂರಕ್ಕೆ 0.4. ಹಿಂಡಿದ ನಿಂಬೆಗೆ ನೂರಕ್ಕೆ 2. ಮೇಲಿನ ಅಳತೆಯಲ್ಲಿ ಬರ್ಗಮಾಟ್ ನೂರಕ್ಕೆ 3.5ರಷ್ಟು ಇದೆ, ಆದ್ದರಿಂದ ಬರ್ಗಾಪ್ಟೆನ್ ತೆಗೆದದ್ದೇ ಬೇಕು. ಸಿಕ್ಕದಿದ್ದರೆ ಅದನ್ನು ಬಿಟ್ಟೇಬಿಡಿ. ದಾಲ್ಚಿನ್ನಿ ತೊಗಟೆಯ ಎಣ್ಣೆಯನ್ನು ಚರ್ಮಕ್ಕೆ ಹಚ್ಚುವ ಯಾವುದಕ್ಕೂ ಸೇರಿಸಬೇಡಿ.

ಜೊಜೊಬಾ ಬದಲು ಕೊಬ್ಬರಿ ಎಣ್ಣೆ ಆಗುತ್ತದೆಯೇ ಎಂದು ಕೇಳುವವರು ಇದ್ದೇ ಇರುತ್ತಾರೆ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟಿ ಗುಂಡು ಉರುಳದು, ಅದರದೇ ವಾಸನೆ ಬೇರೆ. ಹೆಪ್ಪುಗಟ್ಟದಂತೆ ಬೇರ್ಪಡಿಸಿದ ಕೊಬ್ಬರಿ ಎಣ್ಣೆ ಸಿಕ್ಕರೆ ಧಾರಾಳವಾಗಿ ಬಳಸಿ. ಅದು ಜೊಜೊಬಾಗಿಂತ ಭಾರ, ಹಾಗಾಗಿ ಅದೇ ಬಾಟಲಿಗೆ ಒಟ್ಟು 9 ಗ್ರಾಂ ಹಿಡಿಯುತ್ತದೆ.

50 ಮಿಲಿ ಸ್ಪ್ರೇಗೆ: ಸುಗಂಧ 6 ಗ್ರಾಂ, ನೂರಕ್ಕೆ 95ರ ಎಥನಾಲ್ 34 ಗ್ರಾಂ. ಒಟ್ಟು 40 ಗ್ರಾಂ ಎಂದರೆ 48 ಮಿಲಿ ಆಸುಪಾಸು, ಪಂಪಿನ ಕೊಳವೆಗೆ ಜಾಗ ಉಳಿಯುತ್ತದೆ. ಇದು ನೂರಕ್ಕೆ 15, "ಓ ದ ಪರ್ಫ್ಯೂಮ್" ಎಂದು ಕರೆಯುವ ಗಟ್ಟಿತನ. "ಓ ದ ತ್ವಾಲೆತ್" ಎಂದರೆ ಸಾಮಾನ್ಯವಾಗಿ ನೂರಕ್ಕೆ 5ರಿಂದ 15, ಕಲೋನ್ ಅದಕ್ಕೂ ಕೆಳಗೆ. ಇವು ವಾಡಿಕೆಯ ಅಂಕಿಗಳು; ಒಬ್ಬೊಬ್ಬ ತಯಾರಕರು ಒಂದೊಂದು ಕಡೆ ಗೆರೆ ಎಳೆಯುತ್ತಾರೆ. ಲೇಬಲ್ಲಿನಲ್ಲಿ ಹೆಸರಿನ ಜೊತೆ ಶೇಕಡಾ ಅಂಕಿಯನ್ನೂ ಹಾಕಿಬಿಟ್ಟರೆ ಜಗಳವೇ ಇಲ್ಲ.

ಬೆರೆಸುವಾಗ ಕ್ರಮ: ಮೊದಲು ಶ್ರೀಗಂಧ, ಲಾವಂಚದಂಥ ತಳದ ಗಂಧ, ಆಮೇಲೆ ಹೂವು, ಕೊನೆಗೆ ಬೇಗ ಹಾರುವ ನಿಂಬೆ ಜಾತಿ. ಸುಗಂಧವನ್ನಷ್ಟೇ ಬೆರೆಸಿ 3–4 ದಿನ ಮುಚ್ಚಿಟ್ಟು, ಬಳಿಕ ಎಥನಾಲ್ ಸೇರಿಸಿ, ಕತ್ತಲಲ್ಲಿ ಮೂರು ನಾಲ್ಕು ವಾರ ಇಡಿ. ಕೊನೆಗೆ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು, ತಣ್ಣಗಿರುವಾಗಲೇ ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ. ಬೆಚ್ಚಗಾದ ಮೇಲೆ ಸೋಸಿದರೆ ಮೇಣ ಮತ್ತೆ ಕರಗಿ ದಾಟಿಕೊಂಡು ಬರುತ್ತದೆ. ಆಸ್ಪತ್ರೆಯಲ್ಲಿ ಒರೆಸುವ ಐಸೊಪ್ರೊಪೈಲ್ ಬೇಡ, ಅದರ ಘಾಟು ಹೋಗುವುದೇ ಇಲ್ಲ. ಎಥನಾಲ್ ಇರುವ ಬಾಟಲಿಯನ್ನು ಒಲೆ, ದೀಪದ ಹತ್ತಿರ ತೆರೆಯಬಾರದು ಎಂಬುದನ್ನೂ ಚೀಟಿಯಲ್ಲಿ ಸೇರಿಸಿ.

---

ಬೇರುನಾರು ಉತ್ತರ:

ಗಿಡದ ಹೆಸರುಗಳಿಗೆ ಬಂದರೆ, ಕನ್ನಡ ಹೆಸರಿನ ಪಕ್ಕದಲ್ಲಿ ಸಸ್ಯಶಾಸ್ತ್ರದ ಹೆಸರು ಹಾಕದೆ ಗತಿಯಿಲ್ಲ. ಎಡವುವ ಕಲ್ಲುಗಳು ಇವು.

ಶ್ರೀಗಂಧ ಎಂದರೆ ಸ್ಯಾಂಟಲಮ್ ಆಲ್ಬಮ್. ಮಾರುಕಟ್ಟೆಯಲ್ಲಿ ಆಸ್ಟ್ರೇಲಿಯದ ಸ್ಯಾಂಟಲಮ್ ಸ್ಪೈಕೇಟಮ್ ಕೂಡ "ಗಂಧದೆಣ್ಣೆ"ಯೇ. ಅಮೈರಿಸ್ ಎಂಬ ಸಂಬಂಧವೇ ಇಲ್ಲದ ಮರದ ಎಣ್ಣೆಯನ್ನು "ವೆಸ್ಟ್ ಇಂಡಿಯನ್ ಗಂಧ" ಎಂದು ಮಾರುತ್ತಾರೆ. ಸ್ಯಾಂಟಲಮ್ ಆಲ್ಬಮ್ ಎಣ್ಣೆಗೆ ಐಎಸ್‌ಒ 3518 ಎಂಬ ಮಾನದಂಡ ಇದೆ. ಅದರಂತೆ ಗಂಧದ ಕಂಪಿನ ಮುಖ್ಯ ಅಂಶಗಳಾದ ಆಲ್ಫಾ ಸ್ಯಾಂಟಲಾಲ್ ನೂರಕ್ಕೆ 41ರಿಂದ 55, ಬೀಟಾ ಸ್ಯಾಂಟಲಾಲ್ 16ರಿಂದ 24 ಇರಬೇಕು. ಪರೀಕ್ಷಾ ವರದಿಯಲ್ಲಿ ಈ ಎರಡು ಸಾಲು ನೋಡಿ, ಉಳಿದದ್ದು ಆಮೇಲೆ. ಎಣ್ಣೆ ಇರುವುದು ಮರದ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಹೊರಗಿನ ಬಿಳಿ ಕಟ್ಟಿಗೆಗೆ ಕಂಪಿಲ್ಲ. ರಕ್ತಚಂದನ ಬೇರೆಯೇ ಮರ, ಟೆರೊಕಾರ್ಪಸ್ ಸ್ಯಾಂಟಲಿನಸ್. ಅದರಲ್ಲಿ ಬಣ್ಣ ಇದೆ, ಗಂಧದ ಕಂಪು ಇಲ್ಲ. "ರಕ್ತಚಂದನ ಸುಗಂಧ ತೈಲ" ಎಂಬ ಬಾಟಲಿ ಬಂದರೆ ವಾಪಸ್ ಕಳಿಸಿ.

ಮಲ್ಲಿಗೆಯಲ್ಲಿ ಎರಡು ಮುಖ್ಯ. ದುಂಡುಮಲ್ಲಿಗೆ ಜಾಸ್ಮಿನಮ್ ಸಂಬಾಕ್, ಜಾಜಿ ಜಾಸ್ಮಿನಮ್ ಗ್ರಾಂಡಿಫ್ಲೋರಮ್. ಜಾಜಿಯ ಅಬ್ಸಲ್ಯೂಟ್ ಹಣ್ಣಿನಂತೆ ಸಿಹಿ, ದುಂಡುಮಲ್ಲಿಗೆಯದ್ದು ಸ್ವಲ್ಪ ಹಸಿರು, ಚಹಾದ ಕಡೆಗೆ ವಾಲುತ್ತದೆ. ಇಂಗ್ಲಿಷ್ ಪಟ್ಟಿಯಲ್ಲಿ ಎರಡೂ "ಜಾಸ್ಮಿನ್" ಆಗಿರುತ್ತವೆ, ನೀವು ಕನ್ನಡಕ್ಕೆ ತರುವಾಗ ಎರಡನ್ನೂ ಮಲ್ಲಿಗೆ ಮಾಡಿಬಿಟ್ಟರೆ ಮೇಲೆ ಕೊಟ್ಟ ಅಳತೆ ತಪ್ಪುತ್ತದೆ.

ಸುಗಂಧರಾಜ ಗೆಡ್ಡೆಯ ಗಿಡ, ಹೂವಿನ ಕೋಲು ಬಿಡುತ್ತದೆ. ಟ್ಯೂಬ್‌ರೋಸ್ ಎನ್ನುವುದು ಅದನ್ನೇ. ಇಂಗ್ಲಿಷ್ ಹೆಸರಲ್ಲಿ ರೋಸ್ ಇದೆಯೆಂದು "ಕೊಳವೆ ಗುಲಾಬಿ" ಮಾಡಿದವರಿದ್ದಾರೆ, ದಯವಿಟ್ಟು ಬೇಡ. ಸುಗಂಧಿ ಅಥವಾ ಸುರುಳಿ ಸುಗಂಧಿ ಶುಂಠಿಯ ಬಳಗದ ಹೆಡಿಕಿಯಮ್, ಸುಗಂಧರಾಜಕ್ಕೂ ಅದಕ್ಕೂ ನಂಟಿಲ್ಲ.

ಮಜ್ಜಿಗೆ ಹುಲ್ಲು, ನಿಂಬೆ ಹುಲ್ಲು ಎರಡೂ ಲೆಮನ್‌ಗ್ರಾಸ್. ಅದರ ಕಂಪು ಸಿಟ್ರಾಲ್‌ನಿಂದ. ಸಿಟ್ರೊನೆಲ್ಲಾ ಅದರ ಹತ್ತಿರದ ಬೇರೆ ಹುಲ್ಲು. ದವನ ಆರ್ಟೆಮಿಸಿಯಾ ಪ್ಯಾಲೆನ್ಸ್, ಮರುಗ ಓರಿಗಾನಮ್ ಮೇಜೊರಾನಾ. ಒಂದೇ ಮಾಲೆಯಲ್ಲಿ ಕೂರುತ್ತವೆ, ಎಣ್ಣೆ ಮಾತ್ರ ಅಜಗಜಾಂತರ. ಪಚ್ಚೆತೆನೆ ಎಂದರೆ ಪ್ಯಾಚೌಲಿ. ಹಸಿ ಎಲೆಯನ್ನು ಬಟ್ಟಿಗೆ ಹಾಕುವುದಿಲ್ಲ, ನೆರಳಲ್ಲಿ ಒಣಗಿಸಿಯೇ ಹಾಕುವುದು. ಎಣ್ಣೆ ಹಳೆಯದಾದಷ್ಟೂ ಮೆತ್ತಗಾಗುತ್ತದೆ, ಆದ್ದರಿಂದ ಅದರ ಲೇಬಲ್ಲಿಗೆ "ತಾಜಾ" ಎಂಬ ವಿಶೇಷಣ ಹಾಕಬೇಡಿ.

ಧೂಪದ ಪದಗಳು ಎಲ್ಲಕ್ಕಿಂತ ಕಷ್ಟ. ಗುಗ್ಗುಳ ಕಾಮಿಫೊರಾ ವೈಟೈ, ಹಾಲುಮಡ್ಡಿ ಐಲಾಂಥಸ್ ಟ್ರೈಫೈಸಾ, ಸಾಲುಧೂಪ ವಟೇರಿಯಾ ಇಂಡಿಕಾ, ರಾಳಧೂಪ ಕೆನೇರಿಯಮ್ ಸ್ಟ್ರಿಕ್ಟಮ್, ಸಾಂಬ್ರಾಣಿ ಸ್ಟೈರಾಕ್ಸ್ ಜಾತಿಯ ಮರಗಳ ಅಂಟು. ಮಾರುವ ಕಡೆ ಎಲ್ಲವೂ "ಧೂಪ" ಎಂಬ ಒಂದೇ ಚೀಲದಲ್ಲಿ ಇರುತ್ತವೆ. ಸುಟ್ಟು ಹೊಗೆ ಹಾಕಲು ಹೇಗೂ ನಡೆಯುತ್ತದೆ, ಬಾಟಲಿಯೊಳಗೆ ನಡೆಯುವುದಿಲ್ಲ. ಸಾಂಬ್ರಾಣಿ ಎಥನಾಲಿನಲ್ಲಿ ಚೆನ್ನಾಗಿ ಕರಗುತ್ತದೆ. ಜೊಜೊಬಾಗೆ ಹಾಕಿದರೆ ತಳದಲ್ಲಿ ಜಿಗುಟಾಗಿ ಕೂರುತ್ತದೆ. ರೋಲ್-ಆನ್ ಚೀಟಿಯಲ್ಲಿ ಸಾಂಬ್ರಾಣಿ ಬರೆಯಬೇಡಿ.

"ಕಸ್ತೂರಿ" ಎಂದಷ್ಟೇ ಇದ್ದರೆ ಲೇಬಲ್ ಅಪಾಯದಲ್ಲಿದೆ. ಕಸ್ತೂರಿಮೃಗ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಬಾಟಲಿಯಲ್ಲಿರುವುದು ಬಹುತೇಕ ಲ್ಯಾಬಿನ ಕಸ್ತೂರಿ, ಕೆಲವೊಮ್ಮೆ ಲತಾಕಸ್ತೂರಿ ಬೀಜದ ಎಣ್ಣೆ. ಯಾವುದೋ ಕೇಳಿ, ಅದನ್ನೇ ಬರೆಯಿರಿ. ಕಸ್ತೂರಿ ಅರಿಶಿನ ಮತ್ತೂ ಬೇರೆ. ಅಂಬರ್ ಎಂದು ಬರೆದದ್ದರಲ್ಲೂ ತಿಮಿಂಗಿಲದ ಅಂಬರ್ ಇರುವುದಿಲ್ಲ. ಲ್ಯಾಬ್ಡನಮ್ ಎಂಬ ಗಿಡದ ಅಂಟು, ಸಾಂಬ್ರಾಣಿ, ವೆನಿಲಾ ಸೇರಿಸಿ ಕಟ್ಟಿದ ಬೆಚ್ಚಗಿನ ಸಿಹಿ ಗಂಧಕ್ಕೆ ಆ ಹೆಸರು.

---

ಅಕ್ಷರಮೊಳೆ ಬರೆದದ್ದು:

ಮೂವರಿಗೂ ಧನ್ಯವಾದ. ಬಾಟಲಿಗಳ ಮಾದರಿ ಬಂದಿದೆ. ಗುಲಾಬಿ ಅತ್ತರನ್ನು ಎಥನಾಲಿಗೆ ಬೆರೆಸಿದರೆ ಹಾಲಿನಂತೆ ಬಿಳಿಚಿ, ಸ್ವಲ್ಪ ಹೊತ್ತಿಗೆ ತಳದಲ್ಲಿ ಎಣ್ಣೆಯ ಗುಂಡುಗಳು ಕೂತವು. ತಯಾರಕರು ತಳ ಶ್ರೀಗಂಧ ಎನ್ನುತ್ತಾರೆ. ಇನ್ನೊಂದು: ಗಿರಾಕಿಗಳ ದೂರಿನ ಚೀಟಿಯಲ್ಲಿ ಬರೀ "ವಾಸನೆ ಸರಿಯಿಲ್ಲ" ಎಂದಿರುತ್ತದೆ. ಏನು ಕೆಟ್ಟಿದೆ ಎಂದು ಗೊತ್ತಾಗುವಂಥ ಪದಗಳನ್ನು ದೂರಿನ ಫಾರಂನಲ್ಲಿ ಕೊಡಬಹುದೇ?

---

ಬಟ್ಟಿಬುಡ ಉತ್ತರ:

ಶ್ರೀಗಂಧದ ಎಣ್ಣೆ ನೂರಕ್ಕೆ 70ರ ಎಥನಾಲಿನಲ್ಲೂ ಕರಗುತ್ತದೆ, ಒಂದು ಪಾಲು ಎಣ್ಣೆಗೆ ಐದು ಪಾಲು ಸಾಕು. ನೂರಕ್ಕೆ 95ರಲ್ಲಿ ಬಿಳಿಚುವ ಮಾತೇ ಇಲ್ಲ. ನಿಮ್ಮದರ ತಳ ಪ್ಯಾರಾಫಿನ್ ಅಥವಾ ಯಾವುದೋ ಅಡುಗೆ ಎಣ್ಣೆ. ಎರಡೂ ಎಥನಾಲಿಗಿಂತ ಭಾರ, ಅದಕ್ಕೇ ಕೆಳಗೆ ಕೂತಿವೆ.

ಪರೀಕ್ಷೆಯನ್ನು ಸರಿಯಾಗಿ ಮಾಡುವುದು ಹೀಗೆ: ಒಣಗಿದ ಗಾಜಿನ ಕೊಳವೆಯಲ್ಲಿ 4.5 ಮಿಲಿ ಎಥನಾಲಿಗೆ 0.5 ಮಿಲಿ ಅತ್ತರ್, ಚೆನ್ನಾಗಿ ಅಲುಗಿಸಿ, ಹತ್ತು ನಿಮಿಷ ನಿಲ್ಲಿಸಿ. ಕೊಳವೆಯಲ್ಲಿ ನೀರಿನ ಪಸೆ ಇದ್ದರೆ ಒಳ್ಳೆಯ ಅತ್ತರೂ ಮಸುಕಾಗಿ ಕಾಣಬಹುದು, ಆದ್ದರಿಂದ ಒಣಗಿದ್ದೇ ಬೇಕು. ಅದೇ ಹೊತ್ತಿಗೆ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ಎರಡು ದಿನ ನೋಡಿ: ಗುಲಾಬಿ ಹಾರಿಹೋದ ಮೇಲೆ ಗಂಧದ ಕಂಪು ಉಳಿಯಬೇಕು. ಏನೂ ಕಂಪಿಲ್ಲದ ಎಣ್ಣೆ ಕಲೆ ಉಳಿದರೆ ತಳ ಶ್ರೀಗಂಧವಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ.

ಕೊಳವೆ ತಿಳಿಯಾಗಿಯೇ ಇತ್ತೆಂದು ಶ್ರೀಗಂಧ ಎಂದು ನಂಬಿಬಿಡಬೇಡಿ. ಹರಳೆಣ್ಣೆ ಎಥನಾಲಿನಲ್ಲಿ ಕರಗುತ್ತದೆ. ಅಗರಬತ್ತಿಯವರು ಸುಗಂಧ ತೆಳುಮಾಡಲು ಬಳಸುವ ಡಿಇಪಿ ಕೂಡ ಕರಗುತ್ತದೆ. ಅಲ್ಲಿ ಲ್ಯಾಬ್ ವರದಿಯೇ ಬೇಕು. ಈ ಪರೀಕ್ಷೆ ಸುಳ್ಳನ್ನು ಹಿಡಿಯುತ್ತದೆ, ನಿಜವನ್ನು ಸಾಬೀತು ಮಾಡುವುದಿಲ್ಲ.

ಈ ಅತ್ತರನ್ನು ಎಸೆಯಬೇಕಿಲ್ಲ. ಜೊಜೊಬಾದ ರೋಲ್-ಆನ್‌ಗೆ ಹೊಂದುತ್ತದೆ. ಲೇಬಲ್ಲಿನಲ್ಲಿ ತಳ ಬದಲಿಸಿ, "ಸ್ಪ್ರೇಗೆ ಬಳಸಬಾರದು" ಎಂಬ ಸಾಲು ಸೇರಿಸಿ.

---

ಮೂಗುದಾರ ಉತ್ತರ:

ದೂರಿನ ಫಾರಂ ಬಗ್ಗೆ. ಒಳ್ಳೆಯ ವಾಸನೆಗೆ ಇರುವ ಪದಗಳು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕಂಪು, ಪರಿಮಳ, ಸೌರಭ ಎಲ್ಲ ಹೊಗಳಿಕೆಗೆ. ಕೆಟ್ಟ ವಾಸನೆಯ ವಿಷಯದಲ್ಲಿ ಮಾತ್ರ ಕನ್ನಡ ಬಹಳ ಖಡಕ್ಕು, ಒಂದೊಂದು ಪದ ಒಂದೊಂದು ಕಾರಣವನ್ನು ತೋರಿಸುತ್ತದೆ. ಫಾರಂನಲ್ಲಿ ಈ ಐದನ್ನು ಕೊಟ್ಟು ಟಿಕ್ ಮಾಡಲು ಹೇಳಿ.

ಕಮಟು: ತಳದ ಎಣ್ಣೆ ಹಳೆಯದಾಗಿದೆ. ರೋಲ್-ಆನ್‌ಗೆ ಬಾದಾಮಿ ಅಥವಾ ಸೂರ್ಯಕಾಂತಿ ಎಣ್ಣೆ ಹಾಕಿದ್ದರೆ ಬೇಗ ಬರುತ್ತದೆ. ಜೊಜೊಬಾ ರಚನೆಯಲ್ಲಿ ದ್ರವರೂಪದ ಮೇಣ, ಅದು ಸುಲಭಕ್ಕೆ ಕಮಟುವುದಿಲ್ಲ. ಮಲ್ಲಿಗೆ ಮೊಗ್ಗನ್ನು ನೆನೆಸಿ ಮಾಡಿದ ಎಣ್ಣೆಯಲ್ಲೂ ಇದೇ ದೂರು ಸಾಮಾನ್ಯ. ಅಲ್ಲಿ ಕಾರಣ ಹೂವಿನ ನೀರು. ಮೊಗ್ಗನ್ನು ತೊಳೆಯದೆ, ಮೇಲಿನ ಪಸೆ ಆರಿಸಿ, 100 ಮಿಲಿ ಎಣ್ಣೆಗೆ 20 ಗ್ರಾಂ ಹಾಕಿ, 24 ಗಂಟೆಗೆ ತೆಗೆದು ಹೊಸ ಮೊಗ್ಗು ಹಾಕಬೇಕು. ವಾರಗಟ್ಟಲೆ ಒಳಗೇ ಬಿಟ್ಟರೆ ಹೂವು ಕೊಳೆಯುತ್ತದೆ. ಕೊನೆಯಲ್ಲಿ ಎರಡು ದಿನ ಅಲುಗಿಸದೆ ಇಟ್ಟು, ತಳದ ನೀರನ್ನು ಬಿಟ್ಟು ಮೇಲಿನದನ್ನು ಮಾತ್ರ ಬಸಿಯಬೇಕು.

ಮುಗ್ಗಲು: ಬಟ್ಟಿ ನೀರಿನಲ್ಲಿ ಬೂಷ್ಟು ಹುಟ್ಟಿದೆ. ಬಾಟಲಿ ಬೆಳಕಿಗೆ ಹಿಡಿದರೆ ಹತ್ತಿಯ ಎಳೆಯಂಥದ್ದು ತೇಲುತ್ತದೆ. ಸೋಸಿ ಮುಂದುವರಿಸುವಂತಿಲ್ಲ, ಚೆಲ್ಲಬೇಕು.

ಸೀದದ್ದು: ಬಟ್ಟಿಯ ತಳ ಹತ್ತಿದೆ. ಇದು ಆ ಒಂದು ಇಳಿಕೆಯ ಅಷ್ಟೂ ಬಾಟಲಿಗಳಲ್ಲಿ ಇರುತ್ತದೆ, ಆದ್ದರಿಂದ ಬ್ಯಾಚ್ ಸಂಖ್ಯೆ ಕೇಳಿ. ಹೊಸದಾಗಿ ಇಳಿಸಿದ ಎಣ್ಣೆಗೆ ಕೆಲವು ವಾರ ಇರುವ ಹಸಿ ಬಟ್ಟಿಯ ವಾಸನೆಯನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅದು ಇಟ್ಟಂತೆ ಹೋಗುತ್ತದೆ, ಸೀದದ್ದು ಹೋಗುವುದಿಲ್ಲ.

ಘಾಟು: ಸ್ಪ್ರೇ ಹೊಡೆದ ಕೂಡಲೇ ಮೂಗಿಗೆ ಹತ್ತುವುದು. ಬೆರೆಸಿ ಮಾಗಲು ಬಿಟ್ಟಿಲ್ಲ, ಇಲ್ಲವೇ ಎಥನಾಲ್ ಸರಿಯಾದದ್ದಲ್ಲ. ಇನ್ನೂ ಒಂದು ತಿಂಗಳು ಇಟ್ಟು ನೋಡಿ. ಆಗಲೂ ಹೋಗದಿದ್ದರೆ ದೋಷ ಎಥನಾಲಿನದ್ದೇ.

ಸಪ್ಪೆ: ಕಂಪು ನಿಲ್ಲುತ್ತಿಲ್ಲ. ತಳದ ಗಂಧ ಕಡಿಮೆ, ನಿಂಬೆ ಜಾತಿ ಹೆಚ್ಚು. ದೂರು ಬಂದ ಬಾಟಲಿ ಅರ್ಧ ಖಾಲಿಯಿದ್ದರೆ ಮುಚ್ಚಳ ಸಡಿಲವಿತ್ತೋ, ಬಿಸಿಲಲ್ಲಿತ್ತೋ ಕೇಳಿ.

ಇದರ ಜೊತೆ "ಎಣ್ಣೆ ಗಟ್ಟಿಯಾಗಿದೆ" ಎಂಬ ದೂರಿಗೂ ಒಂದು ಸಾಲು ಇರಲಿ. ಬಟ್ಟಿಯ ಗುಲಾಬಿ ಎಣ್ಣೆ 20 ಡಿಗ್ರಿಯ ಆಸುಪಾಸು ಹರಳುಗಟ್ಟುವುದು ಅದರ ಗುಣ. ಅಂಗೈಯಲ್ಲಿ ಹಿಡಿದರೆ ಕರಗುತ್ತದೆ. ಅದನ್ನು ದೋಷವೆಂದು ವಾಪಸ್ ತೆಗೆದುಕೊಳ್ಳಬೇಕಾಗಿಲ್ಲ.

---

ಹನಿಯಲ್ಲ_ಗ್ರಾಂ ಉತ್ತರ:

ಮೂಗುದಾರ ಅವರ ಪಟ್ಟಿಗೆ ನನ್ನ ಒಪ್ಪಿಗೆ, ಮುಗ್ಗಲಿನ ವಿಷಯದಲ್ಲಿ ಒಂದು ಸೇರ್ಪಡೆ. ಬೂಷ್ಟು ಕಣ್ಣಿಗೆ ಕಾಣುವ ಹೊತ್ತಿಗೆ ಬಟ್ಟಿ ನೀರು ಕೆಟ್ಟು ಬಹಳ ದಿನ ಆಗಿರುತ್ತದೆ. ಪನ್ನೀರಿನ ಬಾಟಲಿಯನ್ನು ಕುದಿಸಿ ಒಣಗಿಸಿ, ಕುತ್ತಿಗೆವರೆಗೆ ತುಂಬಿಸಿ, ಒಳಗೆ ಗಾಳಿಗೆ ಜಾಗ ಬಿಡದೆ ಮುಚ್ಚಿ. ಫ್ರಿಜ್ಜಿನಲ್ಲಿಟ್ಟರೆ ಆರು ತಿಂಗಳು ಎಂದು ಬರೆಯಿರಿ, ಹೊರಗಿಟ್ಟರೆ ಇಷ್ಟು ದಿನ ಎಂದು ಹೇಳುವ ಗೋಜಿಗೆ ಹೋಗಬೇಡಿ. ಹತ್ತಿಯನ್ನು ಬಾಟಲಿಯ ಬಾಯಿಗೆ ಒತ್ತಿ ನೆನೆಸಿಕೊಳ್ಳುವುದು ಬೇಡ, ಸ್ಪ್ರೇ ಮುಚ್ಚಳವೇ ಒಳ್ಳೆಯದು.

ಸ್ಪ್ರೇ ತೆಳುಮಾಡಲು ಪನ್ನೀರು ಸುರಿಯುವ ಹಂಬಲ ಕೆಲವರಿಗೆ. ನೀರು ಸೇರಿ ಎಥನಾಲಿನ ಪ್ರಮಾಣ ಇಳಿದರೆ ಎಣ್ಣೆ ಹೊರಗೆ ಬಿದ್ದು ಬಾಟಲಿ ಬಿಳಿಚುತ್ತದೆ. ನೂರಕ್ಕೆ 15 ಸುಗಂಧ ಇರುವ ಈ ಅಳತೆಗೆ ಒಂದು ಹನಿ ನೀರೂ ಬೇಡ. ಕಲೋನಿನಂಥ ತೆಳು ಸರಕಿಗಾದರೆ ಬಟ್ಟಿ ಇಳಿಸಿದ ನೀರನ್ನು ಹನಿಹನಿಯಾಗಿ ಬಿಟ್ಟು, ಮಸುಕಿನ ಸುಳಿವು ಕಂಡ ಕೂಡಲೇ ನಿಲ್ಲಿಸಿ, ನಾಲ್ಕೈದು ಹನಿ ಎಥನಾಲ್ ಹಾಕಿದರೆ ಮತ್ತೆ ತಿಳಿಯಾಗುತ್ತದೆ.